ಸುಲೋಚನಾ ಮೊದಲೋ, ಕಾಂತಾರ ಮೊದಲೋ?

2025ರಲ್ಲಿ ‘ಸು ಫ್ರಮ್ ಸೋ’, ‘ಕಾಂತಾರ: ಚಾಪ್ಟರ್ 1’ ಎರಡೂ ಸಿನಿಮಾಗಳನ್ನು ಥಿಯೇಟರಿನಲ್ಲೇ ನೋಡಿದೆ. ಯಾವುದು ಮೊದಲು ಅಂತ ಕೇಳಿದರೆ ‘ಸು ಫ್ರಮ್ ಸೋ’ ಅಂತೀನಿ. ಕಥೆ ತುಂಬಾ ಸಣ್ಣದು. ಒಬ್ಬ ಹುಡುಗ ಮೈಮೇಲೆ ದೆವ್ವ ಬಂದಂತೆ ಸುಮ್ನೆ ನಾಟಕವಾಡುತ್ತಾನೆ, ಅದು ಸೋಮೇಶ್ವರದ ಸುಲೋಚನಾಳೇ ಅಂತ ಊರೆಲ್ಲ ನಂಬಿಬಿಡುತ್ತದೆ, ಆಮೇಲೆ ಅವನಿಗೆ ಬಿಡಿಸಿಕೊಳ್ಳಲು ದಾರಿಯೇ ಇಲ್ಲ. ಆದರೆ ಆ ಊರಿನ ಜನ ಇದ್ದಾರಲ್ಲ, ಅವರೇ ಸಿನಿಮಾ! ಶನೀಲ್ ಗೌತಮ್ ಅವರ ರವಿಯಣ್ಣ ಸುಮ್ಮನೆ ನಿಂತರೂ ನಗು ಬರುತ್ತದೆ. ಕರಾವಳಿ ಕನ್ನಡ ಗೊತ್ತಿಲ್ಲದ ನನ್ನ ಅತ್ತೆಯೂ ಬಿದ್ದು ಬಿದ್ದು ನಕ್ಕರು. ಕೊನೆಗೆ ಸ್ವಲ್ಪ ಉಪದೇಶ ಇದೆ, ಸಹಿಸಿಕೊಳ್ಳಬಹುದು.

‘ಕಾಂತಾರ: ಚಾಪ್ಟರ್ 1’ ಅಳತೆಯೇ ಬೇರೆ. ಕದಂಬರ ಕಾಲ, ಕಾಡು, ಅರಮನೆ, ಯುದ್ಧ. ಮೊದಲರ್ಧ ಎಳೆಯುತ್ತದೆ, ಹಾಸ್ಯವಂತೂ ನನಗೆ ಹಿಡಿಸಲಿಲ್ಲ. ಆದರೆ ರಿಷಬ್ ಶೆಟ್ಟಿ ಮೈಮೇಲೆ ದೈವ ಬರುವ ಹೊತ್ತಿಗೆ ಅಜನೀಶ್ ಸಂಗೀತಕ್ಕೆ ಕುರ್ಚಿಯೇ ನಡುಗಿದಂತಾಯಿತು, ಪಾಪ್‌ಕಾರ್ನ್ ಕೈಯಲ್ಲೇ ಉಳಿಯಿತು. ರುಕ್ಮಿಣಿ ವಸಂತ್ ಪಾತ್ರದ ಬಗ್ಗೆ ಹೇಳಿದರೆ ಮಜಾ ಹೋಗುತ್ತದೆ, ಬೇಡ.

ಮೊದಲನೆಯದನ್ನು ಮನೆಯಲ್ಲಿ ನಾಲ್ಕು ಜನ ಸೇರಿ ನೋಡಿದರೂ ನಡೆಯುತ್ತದೆ. ಎರಡನೆಯದನ್ನು ಮಾತ್ರ ದಯವಿಟ್ಟು ಮೊಬೈಲಿನಲ್ಲಿ ನೋಡಬೇಡಿ.