ಓರ್ಲಾಂಡೊ ವಾಟರ್ ರೈಡ್‌ಗಳು: ಎಲ್ಲಿ ಕೂತರೆ ಎಷ್ಟು ನೆನೆಯುತ್ತೀರಿ

ಊರಿಂದ ಅಪ್ಪ ಅಮ್ಮ ಬಂದರು ಅಂದರೆ ಅಮೆರಿಕದಲ್ಲಿರುವ ನಮ್ಮವರ ಲಿಸ್ಟಿನಲ್ಲಿ ನಯಾಗರ ಆದಮೇಲೆ ಬರುವ ಹೆಸರು ಫ್ಲಾರಿಡಾದ ಥೀಮ್ ಪಾರ್ಕ್‌ಗಳ ಊರು ಓರ್ಲಾಂಡೊ. ಟಿಕೆಟ್ ರೇಟು, ಕ್ಯೂ, ಸೆಕೆ, ಪಾರ್ಕಿಂಗ್ ಬಗ್ಗೆ ಎಷ್ಟು ಬೇಕಾದರೂ ಓದಲು ಸಿಗುತ್ತದೆ. ವಾಟರ್ ರೈಡ್‌ನಲ್ಲಿ ಎಲ್ಲಿ ಕೂರಬೇಕು ಅಂತ ಮಾತ್ರ ಯಾರೂ ನೆಟ್ಟಗೆ ಬರೆಯುವುದಿಲ್ಲ. ಬರೆದರೂ "ಮುಂದೆ ಕೂತರೆ ಜಾಸ್ತಿ ನೆನೆಯುತ್ತೀರಿ" ಅಂತ ಒಂದು ಸಾಲು ಹಾಕಿ ಮುಗಿಸುತ್ತಾರೆ. ಅರ್ಧ ರೈಡ್‌ಗಳಿಗೆ ಆ ಮಾತು ಅನ್ವಯಿಸುವುದೇ ಇಲ್ಲ. ಹಾಗಾಗಿ ಡಿಸ್ನಿ, ಯೂನಿವರ್ಸಲ್, ಸೀವರ್ಲ್ಡ್ ಮೂರೂ ಕಡೆಯ ನೀರಿನ ರೈಡ್‌ಗಳನ್ನು ಬರೀ ಸೀಟಿನ ಲೆಕ್ಕದಲ್ಲಿ ನೋಡಿ ಬರೆದ ರಿವ್ಯೂ ಇದು. ಕಥೆ, ಬೊಂಬೆ, ಹಾಡುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ಬಿಡಿ.

ಸೀಟಿಗೆ ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ಬಿಡದಿ ಹತ್ತಿರದ ವಂಡರ್‌ಲಾಗೆ ಹೋದಾಗ ನಾವು ನೆನೆಯುವುದಕ್ಕೇ ಅಂತ ಹೋಗುತ್ತೇವೆ. ನೈಲಾನ್ ಬಟ್ಟೆ ಹಾಕಿಕೊಂಡು, ಫೋನು ಪರ್ಸು ಲಾಕರ್‌ನಲ್ಲಿ ಇಟ್ಟು, ಅರ್ಧ ದಿನ ನೀರಲ್ಲೇ ಬಿದ್ದಿದ್ದು, ಬಟ್ಟೆ ಬದಲಾಯಿಸಿಕೊಂಡು ಹೊರಗೆ ಬರುತ್ತೇವೆ. ಓರ್ಲಾಂಡೊದ ಈ ಪಾರ್ಕ್‌ಗಳು ಹಾಗಲ್ಲ. ಇವು ಒಣ ಪಾರ್ಕ್‌ಗಳು, ಮಧ್ಯದಲ್ಲಿ ಒಂದೋ ಎರಡೋ ಮೂರೋ ನೀರಿನ ರೈಡ್ ಇರುತ್ತವೆ ಅಷ್ಟೇ. ಜೀನ್ಸು, ಶೂ, ಸಾಕ್ಸು, ಜೇಬಲ್ಲಿ ಫೋನು, ಹೆಗಲಿಗೆ ಬ್ಯಾಗು, ಇದೇ ವೇಷದಲ್ಲಿ ಹೋಗಿ ಕೂರುತ್ತೀರಿ. ಇಳಿದ ಮೇಲೆ ಅದೇ ಒದ್ದೆ ಸಾಕ್ಸಿನಲ್ಲಿ ರಾತ್ರಿವರೆಗೂ ನಡೆಯಬೇಕು, ನಡುವೆ ಯಾವುದೋ ಎಸಿ ಥಿಯೇಟರ್‌ನಲ್ಲಿ ಕೂತು ನಡುಗಬೇಕು, ಮಕ್ಕಳು "ಕಚ ಕಚ ಅಂತಿದೆ" ಅಂತ ರಾಗ ತೆಗೆಯುವುದನ್ನು ಕೇಳಬೇಕು. ಅದಕ್ಕೇ ಸೀಟು.

ನೀರಿನ ರೈಡ್‌ಗಳಲ್ಲಿ ಎರಡು ಜಾತಿ. ಒಂದು, ಮೂತಿ ಯಾವಾಗಲೂ ಮುಂದಕ್ಕೇ ಇರುವ ದೋಣಿ. ಮರದ ದಿಮ್ಮಿ ಆಕಾರದ ಲಾಗ್ ಫ್ಲೂಮ್‌ಗಳು ಈ ಜಾತಿಯವು, ಮೊದಲನೆಯದು 1963ರಲ್ಲಿ ಟೆಕ್ಸಸ್‌ನ ಸಿಕ್ಸ್ ಫ್ಲ್ಯಾಗ್ಸ್‌ನಲ್ಲಿ ಶುರುವಾಯಿತು. ಇನ್ನೊಂದು, ಹಂಪಿಯ ಹರಿಗೋಲಿನ ಹಾಗೆ ಗಿರಗಿರ ತಿರುಗುವ ಗುಂಡನೆಯ ರಾಫ್ಟ್. ಇದು ಬಂದದ್ದು 1980ರಲ್ಲಿ, ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್‌ನಲ್ಲಿ. ಆ ಪಾರ್ಕೇ ಈಗ ಇಲ್ಲ, ರಾಫ್ಟ್ ಮಾತ್ರ ಜಗತ್ತೆಲ್ಲ ಹಬ್ಬಿದೆ. ಮೊದಲನೇ ಜಾತಿಯಲ್ಲಿ ಎಲ್ಲಿ ಕೂರುತ್ತೀರಿ ಅನ್ನುವುದು ಹತ್ತುವಾಗಲೇ ತೀರ್ಮಾನ ಆಗಿಬಿಡುತ್ತದೆ. ಎರಡನೆಯದರಲ್ಲಿ ಹತ್ತುವಾಗಿನ ಸೀಟಿಗೆ ಬೆಲೆ ಕಡಿಮೆ. ಇಳಿಜಾರಿನ ತುದಿಗೆ ಬಂದ ಕ್ಷಣದಲ್ಲಿ ನಿಮ್ಮ ಬೆನ್ನು ಯಾವ ಕಡೆ ಇದೆ ಅನ್ನುವುದೇ ಲೆಕ್ಕ. ಹಾಗಾಗಿ ಸಿಬ್ಬಂದಿ ಹತ್ತಿರ "ಪ್ಲೀಸ್, ಆ ಸೀಟು ಕೊಡಿ" ಅಂತ ಕೇಳುವುದಿದ್ದರೆ ದೋಣಿಗೆ ಕೇಳಿ. ರಾಫ್ಟಿಗೆ ಕೇಳಿ ಸುಮ್ನೆ ಬಾಯಿ ನೋಯಿಸಿಕೊಳ್ಳಬೇಡಿ.

ದೋಣಿ ಜಾತಿಯಲ್ಲಿ ಮೊದಲು ಟಿಯಾನಾಸ್ ಬಾಯೂ ಅಡ್ವೆಂಚರ್. ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ ಮುಂಚೆ ಸ್ಪ್ಲಾಶ್ ಮೌಂಟನ್ ಅನ್ನುವ ರೈಡ್ ಇತ್ತಲ್ಲ, ಅದೇ ಜಾಗದಲ್ಲಿ, ಅದೇ ಕಾಲುವೆಯಲ್ಲಿ 2024ರ ಜೂನ್‌ನಲ್ಲಿ ಹೊಸ ಕಥೆಯೊಂದಿಗೆ ತೆರೆಯಿತು. ಕೊನೆಯ ಇಳಿಜಾರು ಸುಮಾರು 50 ಅಡಿ. ಒಂದು ದಿಮ್ಮಿಯಲ್ಲಿ ಸಾಲಿಗೆ ಇಬ್ಬರಂತೆ ಒಟ್ಟು ನಾಲ್ಕು ಸಾಲು. ಇಲ್ಲಿ ನಿಯಮ ಸರಳ. ಮುಂದಿನ ಸಾಲಿಗೆ ಪೂರಾ ನೀರು, ಕೊನೆಯ ಸಾಲಿಗೆ ಸಿಡಿಯುವಷ್ಟು. ಕಾರಣವೂ ಸರಳವೇ. ಕೆಳಗೆ ಬಂದ ದೋಣಿಯ ವೇಗವನ್ನು ಕಡಿಮೆ ಮಾಡುವುದು ಅಲ್ಲಿರುವ ನೀರೇ, ಅದೇ ಬ್ರೇಕು. ಮೂತಿ ಹೋಗಿ ನೀರಿಗೆ ಗುದ್ದುತ್ತದೆ, ನೀರು ಎರಡೂ ಪಕ್ಕಕ್ಕೆ ಮತ್ತು ಮೇಲಕ್ಕೆ ಎದ್ದು ನಿಲ್ಲುತ್ತದೆ, ಹಾಗೆ ಎದ್ದ ನೀರಿನ ಕೆಳಗೆ ಮೊದಲು ಸಿಗುವವರು ಮುಂದಿನ ಸಾಲಿನವರು. ದೋಣಿಯಲ್ಲಿ ಭಾರ ಹೆಚ್ಚಿದ್ದಷ್ಟೂ ಗುದ್ದು ಜೋರು, ಭಾರ ಮುಂದೆ ಇದ್ದಷ್ಟೂ ಮೂತಿ ಇನ್ನೂ ಆಳಕ್ಕೆ ಹೋಗುತ್ತದೆ. ಎಂಟೂ ಜನ ದೊಡ್ಡವರೇ ತುಂಬಿದ ದಿಮ್ಮಿಯಲ್ಲಿ ಮೊದಲ ಸಾಲು ಸಿಕ್ಕಿತು ಅಂದರೆ ಮುಗಿಯಿತು, ಒಳ ಬನಿಯನ್‌ವರೆಗೂ ಒದ್ದೆ.

ಹತ್ತುವ ಜಾಗದಲ್ಲಿ ನೆಲದ ಮೇಲೆ ಸಾಲಿನ ನಂಬರ್ ಇರುತ್ತದೆ. ಎಷ್ಟು ಜನ ಅಂತ ಕೇಳಿ ಅವರೇ ಬೆರಳು ತೋರಿಸಿ ಕಳಿಸುತ್ತಾರೆ. ನೀವು ಬಾಯಿ ಬಿಡದಿದ್ದರೆ ಅವರು ಹೇಳಿದ್ದೇ ಸೀಟು. ನಗುತ್ತಾ "ಹಿಂದಿನ ಸಾಲು ಸಿಗುತ್ತಾ, ಮುಂದಿನ ದೋಣಿಗೆ ಕಾಯೋಕೂ ರೆಡಿ" ಅಂದರೆ ಸಾಮಾನ್ಯವಾಗಿ ಆಗಲ್ಲ ಅನ್ನುವುದಿಲ್ಲ. ಕಾಯುತ್ತೇವೆ ಅಂತ ಸೇರಿಸುವುದು ಮುಖ್ಯ. ಅಪ್ಪ ಅಮ್ಮನಿಗೆ ಈ ರೈಡ್‌ನ ಕೊನೆಯ ಸಾಲೇ ಸರಿ, ಹತ್ತು ನಿಮಿಷ ಆರಾಮಾಗಿ ಬೊಂಬೆ ನೋಡಿಕೊಂಡು ಹೋಗಬಹುದು. ಕೂರುವ ಮುಂಚೆ ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ. ಹಿಂದಿನ ಟ್ರಿಪ್ಪಿನ ನೀರು ಅಲ್ಲಿ ನಿಂತಿರುತ್ತದೆ. ಮೇಲಿಂದ ಒಂದು ಹನಿ ಬೀಳದಿದ್ದರೂ ಕೆಳಗಿಂದ ಒದ್ದೆಯಾಗುವವರು ಬಹಳ ಜನ.

ಯೂನಿವರ್ಸಲ್‌ನ ಐಲ್ಯಾಂಡ್ಸ್ ಆಫ್ ಅಡ್ವೆಂಚರ್‌ನಲ್ಲಿ ಜುರಾಸಿಕ್ ಪಾರ್ಕ್ ರಿವರ್ ಅಡ್ವೆಂಚರ್ ಇದೆ. 1999ರಲ್ಲಿ ಪಾರ್ಕ್ ತೆರೆದಾಗಿನಿಂದಲೂ ಇರುವ ರೈಡ್. ಕೊನೆಗೆ ಟಿ-ರೆಕ್ಸ್ ಬಾಯಿ ತೆರೆದು ನಿಂತಿರುತ್ತದೆ, ಅದರ ಕೆಳಗೇ ದೋಣಿ 85 ಅಡಿ ಇಳಿಯುತ್ತದೆ. ಈ ದೋಣಿ ಅಗಲ, ಸಾಲಿಗೆ ಐದು ಜನ, ಐದು ಸಾಲು. ಇಲ್ಲಿ ಹಿಂದೆ ಮುಂದೆ ಅನ್ನುವುದರ ಜೊತೆಗೆ ಅಂಚು ನಡು ಅನ್ನುವುದೂ ಸೇರಿಕೊಳ್ಳುತ್ತದೆ. ನೀರು ಎರಡು ಪಕ್ಕಕ್ಕೆ ಗೋಡೆ ಎದ್ದ ಹಾಗೆ ಏಳುತ್ತದೆ, ಆಮೇಲೆ ಒಳಕ್ಕೆ ಬೀಳುತ್ತದೆ. ಹಾಗಾಗಿ ಮೂರನೇ ಸಾಲಿನ ಅಂಚಿನಲ್ಲಿ ಕೂತವರು ಎರಡನೇ ಸಾಲಿನ ನಡುವೆ ಕೂತವರಿಗಿಂತ ಜಾಸ್ತಿ ನೆನೆದು ಇಳಿಯುವುದನ್ನು ನೋಡಿದ್ದೇನೆ. ಕಮ್ಮಿ ನೆನೆಯಬೇಕೇ, ಹಿಂದಿನ ಸಾಲುಗಳ ನಟ್ಟ ನಡುವಿನ ಸೀಟು. ಐದು ಜನರ ಕುಟುಂಬವಾದರೆ ಸಾಲೆಲ್ಲ ನಿಮ್ಮದೇ, ಯಾರು ಅಂಚಿಗೆ ಅಂತ ಕ್ಯೂನಲ್ಲೇ ಜಗಳ ಮುಗಿಸಿಕೊಂಡು ಬನ್ನಿ. ನನ್ನ ಲೆಕ್ಕದಲ್ಲಿ ಈ ಪಟ್ಟಿಯಲ್ಲೇ ಒಳ್ಳೆಯ ರೈಡ್ ಇದು. ಭಯ, ಇಳಿಜಾರು, ನೀರು ಮೂರೂ ಹದವಾಗಿವೆ, ಸರಿಯಾದ ಸೀಟು ಸಿಕ್ಕರೆ ಅರ್ಧ ಗಂಟೆಯಲ್ಲಿ ಬಟ್ಟೆ ಒಣಗುತ್ತದೆ. ಮೊದಲ ಸಾಲಿನ ಆಸೆ ಇರುವವರು ಮಾತ್ರ ಮೊದಲ ಸಾಲು ಕೇಳಿ. ಆ ಕತ್ತಲಲ್ಲಿ ಮುಂದೆ ಯಾರ ತಲೆಯೂ ಇಲ್ಲದೆ ಡೈನೋಸಾರ್ ಬಾಯಿಗೆ ನುಗ್ಗುವ ಮಜಾನೇ ಬೇರೆ, ಅದಂತೂ ನಿಜ.

ಅಲ್ಲೇ ಸ್ವಲ್ಪ ದೂರದಲ್ಲಿ ಡಡ್ಲಿ ಡೂ-ರೈಟ್ಸ್ ರಿಪ್‌ಸಾ ಫಾಲ್ಸ್. 75 ಅಡಿ ಇಳಿಜಾರು. ಇಲ್ಲಿ ಒಬ್ಬರ ಹಿಂದೆ ಒಬ್ಬರು ಕೂರಬೇಕು, ಕಾಲು ಚಾಚಲು ಜಾಗ ಇಲ್ಲ, ಎತ್ತರದವರಿಗೆ ಮಂಡಿ ನೋವು ಗ್ಯಾರಂಟಿ. ಸೀಟಿನ ಲೆಕ್ಕ ಇಲ್ಲಿ ಅರ್ಧಕ್ಕರ್ಧ ಕೆಲಸ ಮಾಡುವುದಿಲ್ಲ. ಮುಂದಿನವರು ಹೆಚ್ಚು ನೆನೆಯುತ್ತಾರೆ ನಿಜ, ಆದರೆ ಹಿಂದಿನವರೂ ಒಣಗಿ ಇಳಿದದ್ದನ್ನು ನಾನು ಕಂಡಿಲ್ಲ. ಮಂಡಿ ಗಟ್ಟಿ ಇರುವ ಹುಡುಗರಿಗೆ ಬಿಟ್ಟುಬಿಡಿ.

ಈಗ ಗುಂಡನೆಯ ರಾಫ್ಟ್‌ಗಳು. ಡಿಸ್ನಿಯ ಅನಿಮಲ್ ಕಿಂಗ್‌ಡಮ್‌ನಲ್ಲಿರುವ ಕಾಳಿ ರಿವರ್ ರಾಪಿಡ್ಸ್ ನಮ್ಮವರಿಗೆ ಬಲು ಪ್ರಿಯ, ಯಾಕೆಂದರೆ ಆನಂದಪುರ ಅನ್ನುವ ಕಾಲ್ಪನಿಕ ಊರಿನಲ್ಲಿ, ಚಕ್ರನದಿ ಅನ್ನುವ ಕಾಲ್ಪನಿಕ ಹೊಳೆಯ ಮೇಲೆ ನಡೆಯುತ್ತದೆ. ಕ್ಯೂನಲ್ಲಿ ದೇವಸ್ಥಾನ, ಹಳೇ ಅಂಗಡಿ, ಚಿತ್ರಗಳು ಎಲ್ಲ ಇವೆ, ನಿಜ ಹೇಳಬೇಕು ಅಂದರೆ ರೈಡ್‌ಗಿಂತ ಕ್ಯೂನೇ ಚೆನ್ನಾಗಿದೆ. ದಾಂಡೇಲಿಯ ಕಾಳಿ ಹೊಳೆಯಲ್ಲಿ ರಾಫ್ಟಿಂಗ್ ಮಾಡಿದವರು ಅದನ್ನೇ ಮನಸ್ಸಲ್ಲಿ ಇಟ್ಟುಕೊಂಡು ಹೋದರೆ ನಿರಾಸೆ ಆಗುತ್ತದೆ. ಅಲ್ಲಿ ಹುಟ್ಟು ನಿಮ್ಮ ಕೈಯಲ್ಲಿರುತ್ತದೆ, ಗೈಡ್ ಕೂಗುತ್ತಿರುತ್ತಾನೆ, ಮುಂದೆ ಕೂತವನೇ ಅಲೆ ತಿನ್ನುತ್ತಾನೆ. ಇಲ್ಲಿ ಹನ್ನೆರಡು ಜನ ವೃತ್ತದಲ್ಲಿ ಮುಖ ಒಳಗೆ ಮಾಡಿ ಬೆಲ್ಟ್ ಹಾಕಿಕೊಂಡು ಕೂತಿರುತ್ತೀರಿ, ನದಿ ಹೇಗೆ ತಿರುಗಿಸಿದರೆ ಹಾಗೆ. ದೊಡ್ಡ ಇಳಿಜಾರು ಒಂದೇ. ಆ ಒಂದೇ ಇಳಿಜಾರಿನಲ್ಲಿ ಯಾರ ಬೆನ್ನು ಮುಂದಕ್ಕೆ ಇರುತ್ತದೋ ಅವರ ತಲೆಯ ಮೇಲಿಂದ ಅಲೆ ಒಳಗೆ ಬರುತ್ತದೆ. ಎದುರು ಕೂತವರು ಒಣಗಿಕೊಂಡೇ ನಗುತ್ತಿರುತ್ತಾರೆ. ಒಂದೇ ರಾಫ್ಟಿನಲ್ಲಿ ಅಮ್ಮನ ಸೀರೆ ಹಿಂಡುವಷ್ಟು ಒದ್ದೆ, ಪಕ್ಕದಲ್ಲೇ ಕೂತ ಅಪ್ಪನ ಷರ್ಟಿನ ಇಸ್ತ್ರಿಯೂ ಹಾಳಾಗಿಲ್ಲ, ಇಂಥದ್ದು ಇಲ್ಲಿ ಮಾಮೂಲಿ.

ಹಾಗಂತ ಪೂರ್ತಿ ಲಾಟರಿ ಅಲ್ಲ. ರಾಫ್ಟಿನಲ್ಲಿ ಭಾರ ಯಾವ ಕಡೆ ಜಾಸ್ತಿಯೋ ಆ ಕಡೆ ಅಂಚು ತಗ್ಗುತ್ತದೆ. ನೀರು ಒಳಗೆ ನುಗ್ಗುವುದು ತಗ್ಗಿದ ಅಂಚಿನ ಮೇಲೇ ಅಲ್ವಾ. ನಿಮ್ಮ ಜೊತೆ ಹತ್ತುವ ಗುಂಪಿನಲ್ಲಿ ನಾಲ್ಕು ಜನ ದಾಂಡಿಗರು ಒಟ್ಟಿಗೆ ಒಂದು ಕಡೆ ಕೂತರೆ ನೀವು ಅವರ ಎದುರಿಗೆ ಕೂರಿ, ಪಕ್ಕದಲ್ಲಿ ಅಲ್ಲ. ಮತ್ತೆ, ಹತ್ತಿ ಇಳಿಯುವ ಸಂದಿನ ಪಕ್ಕದ ಸೀಟು ಬೇಡ, ಆ ಸಂದಿನಿಂದ ಬಂದ ನೀರು ಸೀದಾ ಶೂ ಒಳಗೆ. ಇಷ್ಟೇ ನಮ್ಮ ಕೈಯಲ್ಲಿ ಇರುವುದು, ಉಳಿದದ್ದು ಹಣೆಬರಹ.

ಪಾಪಾಯ್ ಅಂಡ್ ಬ್ಲೂಟೋಸ್ ಬಿಲ್ಜ್-ರ‍್ಯಾಟ್ ಬಾರ್ಜಸ್ ಬಗ್ಗೆ ಸೀಟಿನ ಸಲಹೆ ಕೇಳುವವರಿಗೆ ನನ್ನದು ಒಂದೇ ಉತ್ತರ: ಯಾವುದಾದರೂ ಒಂದು. ಇದೂ ಯೂನಿವರ್ಸಲ್‌ನ ಅದೇ ಪಾರ್ಕಿನಲ್ಲಿದೆ, ಇದೂ ಹನ್ನೆರಡು ಜನರ ರಾಫ್ಟ್. ನದಿ ಬಿಟ್ಟರೆ ಆಕ್ಟೋಪಸ್, ಆಕ್ಟೋಪಸ್ ಬಿಟ್ಟರೆ ಮೇಲಿಂದ ನೀರು ಸುರಿಯುವ ಬೋಟ್ ವಾಶ್, ಎಲ್ಲಾ ದಿಕ್ಕಿನಿಂದಲೂ ಹೊಡೆತ. ಓರ್ಲಾಂಡೊದಲ್ಲೇ ಅತಿ ಹೆಚ್ಚು ನೆನೆಸುವ ರೈಡ್ ಅಂದರೆ ನನ್ನ ಮತ ಇದಕ್ಕೇ. ಪಾಂಚೋ (ತಲೆಯಿಂದ ತೊಡುವ ಪ್ಲಾಸ್ಟಿಕ್ ಮಳೆ ಅಂಗಿ) ಹಾಕಿಕೊಂಡು ಕೂತವರ ಕತ್ತಿನಿಂದ ನೀರು ಒಳಗೆ ಇಳಿದು ಪಾಂಚೋ ಒಳಗೇ ನಿಂತುಕೊಳ್ಳುತ್ತದೆ. ಇದನ್ನು ದಿನದ ಕೊನೆಗೆ ಇಟ್ಟುಕೊಳ್ಳಿ, ಇಳಿದು ಸೀದಾ ಕಾರಿಗೆ. ಕಾರಿನ ಸೀಟಿಗೆ ಟವೆಲ್ ಮರೆಯಬೇಡಿ.

ಸೀವರ್ಲ್ಡ್‌ನ ಇನ್ಫಿನಿಟಿ ಫಾಲ್ಸ್ 2018ರದ್ದು. ಎಂಟು ಜನರ ರಾಫ್ಟನ್ನು ಲಿಫ್ಟಿನಲ್ಲಿ ನೆಟ್ಟಗೆ ಮೇಲಕ್ಕೆ ಎತ್ತಿ 40 ಅಡಿ ಕೆಳಗೆ ಬಿಡುತ್ತಾರೆ. ರಾಫ್ಟಿಗೆ ಇದು ದೊಡ್ಡ ಇಳಿಜಾರೇ. ಸೀಟಿನ ಲೆಕ್ಕ ಕಾಳಿಯದ್ದೇ, ನೀರು ಮಾತ್ರ ಅದರ ಡಬಲ್.

ಬಟ್ಟೆ ಬಗ್ಗೆ ಎರಡು ಮಾತು. ಕಾಟನ್ ಸೀರೆ, ಜೀನ್ಸ್ ಎರಡೂ ಒಣಗುವುದಿಲ್ಲ. ಸಿಂಥೆಟಿಕ್ ಚೂಡಿದಾರ್, ಟ್ರ್ಯಾಕ್ ಪ್ಯಾಂಟ್ ವಾಸಿ. ಶೂ ಬದಲು ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ, ಬರೀ ಹವಾಯಿ ಚಪ್ಪಲಿ ಆದರೆ ಕಾಲಿಂದ ಜಾರುತ್ತದೆ. ಪಾಂಚೋವನ್ನು ಪಾರ್ಕ್ ಒಳಗೆ ಕೊಳ್ಳಬೇಡಿ, ಹೊರಗೆ ಡಾಲರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ, ದೋಣಿ ರೈಡ್‌ಗಳಿಗೆ ಅದು ಸಾಕು. ಅಪ್ಪನಿಗೆ ಕಿವಿ ಮೆಷಿನ್ ಇದ್ದರೆ ಹತ್ತುವ ಮುಂಚೆ ತೆಗೆಸಿ ಜಿಪ್ ಕವರ್‌ಗೆ ಹಾಕಿ. ರಾಫ್ಟಿನ ನಡುವೆ ಸಾಮಾನಿಡುವ ಡಬ್ಬ ಇರುತ್ತದೆ, ಅದನ್ನು ನಂಬಿ ಪಾಸ್‌ಪೋರ್ಟ್ ಇಡಬೇಡಿ. ಯೂನಿವರ್ಸಲ್‌ನಲ್ಲಿ ಇಳಿದ ಮೇಲೆ ದುಡ್ಡು ಹಾಕಿ ಒಳಗೆ ನಿಂತರೆ ಬಿಸಿಗಾಳಿ ಬೀಸುವ ಪೆಟ್ಟಿಗೆಗಳಿವೆ. ಕೂದಲು ಒಣಗುತ್ತದೆ, ಪ್ಯಾಂಟು ಒಣಗುವುದಿಲ್ಲ. ಆ ದುಡ್ಡಿಗೆ ಹೊರಗೆ ಹತ್ತು ನಿಮಿಷ ಫ್ಲಾರಿಡಾ ಬಿಸಿಲಲ್ಲಿ ನಿಲ್ಲುವುದೇ ಲಾಭ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಶುರುವಾದರೆ ಹೊರಗಿನ ರೈಡ್‌ಗಳನ್ನೆಲ್ಲ ನಿಲ್ಲಿಸುತ್ತಾರೆ, ಆದ್ದರಿಂದ ಪಾಪಾಯ್ ಬಿಟ್ಟು ಉಳಿದದ್ದನ್ನು ಹನ್ನೊಂದು ಹನ್ನೆರಡರ ಒಳಗೆ ಮುಗಿಸಿ.

ಚಿಕ್ಕ ಮಕ್ಕಳಿದ್ದರೆ ಎತ್ತರ ಮನೆಯಲ್ಲೇ ಅಳೆದುಕೊಂಡು ಹೋಗಿ. ಕಾಳಿಗೆ ಕನಿಷ್ಠ 38 ಇಂಚು, ಟಿಯಾನಾಗೆ 40, ಜುರಾಸಿಕ್ ಮತ್ತು ಪಾಪಾಯ್‌ಗೆ 42, ರಿಪ್‌ಸಾಗೆ 44. ಗೇಟಲ್ಲಿ ಕೋಲು ಹಿಡಿದು ನಿಂತಿರುತ್ತಾರೆ, ಒಂದು ಇಂಚಿಗೂ ಬಿಡುವುದಿಲ್ಲ.

ಎತ್ತರ ಸಾಲದ ಮಗು, ನೀರೇ ಬೇಡ ಅನ್ನುವ ಅಜ್ಜಿ, ಇವರನ್ನು ಬೆಂಚಿನ ಮೇಲೆ ಬ್ಯಾಗ್ ಕಾಯಲು ಕೂರಿಸಬೇಡಿ. ಪಾಪಾಯ್ ರೈಡ್ ಪಕ್ಕದಲ್ಲಿ ಮೀ ಶಿಪ್ ದಿ ಆಲಿವ್ ಅಂತ ಮಕ್ಕಳು ಆಡುವ ಹಡಗಿದೆ. ಅದರ ಮೇಲೆ ನೀರಿನ ಫಿರಂಗಿಗಳಿವೆ, ಕೆಳಗೆ ಹೋಗುವ ರಾಫ್ಟುಗಳಿಗೆ ಗುರಿಯಿಟ್ಟು ಹೊಡೆಯಬಹುದು, ದುಡ್ಡು ಬೇಕಿಲ್ಲ. ಕಾಳಿಯಲ್ಲೂ ಸೇತುವೆ ಮೇಲೆ ಬಟನ್‌ಗಳಿವೆ, ಒತ್ತಿದರೆ ಕೆಳಗಿನ ಕಲ್ಲಿನ ಆನೆ ಸೊಂಡಿಲಿನಿಂದ ನೀರು ಹಾರಿಸುತ್ತದೆ. ಭಾರ, ಅಂಚು, ಸಂದು ಅಂತ ಅಷ್ಟೆಲ್ಲ ಲೆಕ್ಕ ಹಾಕಿ ಒಣಗಿಕೊಂಡೇ ಕೊನೆಯ ತಿರುವಿಗೆ ಬಂದ ಅಳಿಯನ ಮೇಲೆ ಸೇತುವೆಯಿಂದ ಅತ್ತೆ ಸರಿಯಾದ ಹೊತ್ತಿಗೆ ಬಟನ್ ಒತ್ತಿದರೆ, ಅದಕ್ಕೆ ಯಾವ ಸೀಟೂ ಪರಿಹಾರ ಅಲ್ಲ.