ಉಪ್ಪುಗಾಳಿಯಲ್ಲಿ ಕುದುರೆ ಕ್ಲಿಪ್ಪರ್ ಎಷ್ಟು ಬಾಳುತ್ತದೆ?

ಮುರುಡೇಶ್ವರದ ಬೀಚಿನಲ್ಲಿ ಸವಾರಿಗೆ ಬಿಡುವ ಕುದುರೆಗಳಿವೆ, ಘಟ್ಟದ ಮೇಲಿಂದ ತಂದ ಕತ್ತೆಯೂ ಇದೆ. ಇವುಗಳ ಮೈಕೂದಲು ಕತ್ತರಿಸಲು ವೈರ್ ಇರುವ ದೊಡ್ಡ ಕ್ಲಿಪ್ಪರ್ ಮಶಿನನ್ನೇ ವರ್ಷಗಳಿಂದ ಬಳಸುತ್ತಿದ್ದೇನೆ. ಮೋಟಾರಿನ ಬಗ್ಗೆ ದೂರಿಲ್ಲ. ನಮ್ಮ ಕಡೆ ಮೊದಲು ಕೈಕೊಡುವುದು ಬ್ಲೇಡ್.

ಮಳೆಗಾಲದಲ್ಲಿ ಒರೆಸದೆ ಪೆಟ್ಟಿಗೆಗೆ ಹಾಕಿದ ಬ್ಲೇಡಿನ ಹಲ್ಲಿನ ಸಂದಿಯಲ್ಲಿ ಬೇಗ ಕೆಂಪು ತುಕ್ಕು ಕೂರುತ್ತದೆ. ಕೆಲಸ ಮುಗಿದ ತಕ್ಷಣ ಬ್ಲೇಡ್ ಬಿಚ್ಚಿ, ಬ್ರಷ್ ಹಾಕಿ, ಕ್ಲಿಪ್ಪರ್ ಎಣ್ಣೆ ಸವರಿ ಎತ್ತಿಡಬೇಕು. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಇನ್ನೊಂದು ಶತ್ರು ಮರಳು. ಕೂದಲ ಬುಡದಲ್ಲಿ ಮರಳಿದ್ದರೆ ಮಶಿನಿನ ಸದ್ದೇ ಬದಲಾಗಿ ಕರಕರ ಅನ್ನುತ್ತದೆ. ಹಾಗಾಗಿ ಮೊದಲು ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿದ ಮೇಲೇ ಕ್ಲಿಪ್ಪರ್ ಹಿಡಿಯುವುದು. ನಡುನಡುವೆ ಬ್ಲೇಡ್ ಮಣಿಕಟ್ಟಿಗೆ ತಾಗಿಸಿ ನೋಡಿ. ಬಿಸಿ ಅನಿಸಿದರೆ ನಿಲ್ಲಿಸಿ, ಎಣ್ಣೆ ಹಾಕಿ. ಕೂದಲು ಕತ್ತರಿಸದೆ ಎಳೆಯುತ್ತಿದ್ದರೆ ಬಿಗಿ ಮಾಡುವ ತಿರುಪು ಸಡಿಲಾಗಿದೆ, ಇಲ್ಲವೇ ಬ್ಲೇಡ್ ಮೊಂಡಾಗಿದೆ. ಸಾಣೆಗೆ ಮೇಲಿನ ಬ್ಲೇಡ್, ಕೆಳಗಿನ ಬ್ಲೇಡ್ ಎರಡನ್ನೂ ಜೊತೆಯಾಗಿಯೇ ಕೊಡಿ.

ಕೊಳ್ಳುವಾಗ ಒಂದು ಎಚ್ಚರಿಕೆ. 'ಕುರಿ, ಕುದುರೆ ಎರಡಕ್ಕೂ' ಅಂತ ಮಾರುವ ಮಶಿನಿಗೆ ಮಾರು ಹೋಗಬೇಡಿ. ಕುರಿ ಉಣ್ಣೆಯ ಬ್ಲೇಡಿನ ಹಲ್ಲು ಅಗಲ, ಕುದುರೆಯ ತೆಳು ಚರ್ಮ ಅದರೊಳಗೆ ಸಿಕ್ಕಿ ಕೊಯ್ದುಹೋಗುತ್ತದೆ. ಬಾಡಿ ಒಂದೇ ಆದರೂ ಕುದುರೆ ಬ್ಲೇಡ್ ಬೇರೆ ಇದೆಯಾ ಕೇಳಿ.

ಅಷ್ಟಕ್ಕೂ ಈ ಸೆಕೆಯಲ್ಲಿ ಮೈಯೆಲ್ಲ ಬೋಳಿಸುವ ಕೆಲಸ ಬೀಳುವುದು ಅಪರೂಪ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮಳೆಯಲ್ಲಿ ನೆನೆದು ಚರ್ಮದ ಮೇಲೆ ಹಕ್ಕಳೆ ಕಟ್ಟಿದಾಗ. ಕೂದಲು ತೆಗೆದರೆ ಡಾಕ್ಟರು ಕೊಟ್ಟ ಔಷಧಿ ಚರ್ಮಕ್ಕೆ ತಾಗುತ್ತದೆ. ಅದೇ ಬ್ಲೇಡನ್ನು ಸೋಂಕು ನಿವಾರಕದಲ್ಲಿ ತೊಳೆಯದೆ ಇನ್ನೊಂದು ಪ್ರಾಣಿಗೆ ಮುಟ್ಟಿಸಬಾರದು. ವಯಸ್ಸಾದ ಕುದುರೆ ಬೇಸಿಗೆಯಲ್ಲೂ ಉದ್ದ ಕೂದಲು ಉದುರಿಸದಿದ್ದರೆ ಕ್ಲಿಪ್ಪರಿಗಿಂತ ಮೊದಲು ಡಾಕ್ಟರಿಗೆ ತೋರಿಸಿ. ಹಾರ್ಮೋನಿನ ಕಾಯಿಲೆ ಇರಬಹುದು.

ಕತ್ತೆಯ ಕಥೆ ಬೇರೆ. ಅದರ ಕೂದಲು ಕುದುರೆಯದರಷ್ಟು ನೀರು ತಡೆಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಬೋಳಿಸುವುದಂತೂ ಬೇಡವೇ ಬೇಡ. ಕಿವಿಯೊಳಗಿನ ಕೂದಲು ನೊಣ, ಹುಳ ತಡೆಯುತ್ತದೆ, ಅದನ್ನೂ ಬಿಟ್ಟುಬಿಡಿ. ಕುದುರೆ ಹೆದರಿದರೆ ಹಾರುತ್ತದೆ, ಕತ್ತೆ ಕಲ್ಲಿನಂತೆ ನಿಲ್ಲುತ್ತದೆ. ಸುಮ್ನೆ ನಿಂತಿದೆ ಅಂದರೆ ಒಪ್ಪಿಕೊಂಡಿದೆ ಅಂತಲ್ಲ. ಮೊದಲು ದೂರದಲ್ಲಿ ಮಶಿನ್ ಓಡಿಸಿ ಸದ್ದು ಅಭ್ಯಾಸ ಮಾಡಿಸಬೇಕು.

ದೊಡ್ಡ ಕ್ಲಿಪ್ಪರಿನ ತೂಕ ಜಾಸ್ತಿ, ಅದೊಂದೇ ಬೇಜಾರು. ಭುಜ ಹಿಡಿದುಕೊಳ್ಳುತ್ತದೆ. ಮುಖಕ್ಕೆ, ಕಾಲಿಗೆ ಬ್ಯಾಟರಿಯ ಚಿಕ್ಕ ಟ್ರಿಮ್ಮರೇ ಹಿತ. ಒಂದೇ ಪ್ರಾಣಿ ಸಾಕಿದವರಿಗೆ ಅಷ್ಟೇ ಸಾಕು, ದೊಡ್ಡದಕ್ಕೆ ದುಡ್ಡು ಸುರಿಯಬೇಡಿ.