ಕಾದಂಬರಿಗಿಂತ ಜಾಸ್ತಿ ಹಿಡಿದು ಕೂರಿಸಿದ ಎರಡು ಪುಸ್ತಕ
ನಿಜ ಸಂಗತಿಯ ಪುಸ್ತಕ ಅಂದರೆ ಬೋರು ಅನ್ನುವವರು ರೆಬೆಕಾ ಸ್ಕ್ಲೂಟ್ ಬರೆದ ‘ದಿ ಇಮ್ಮಾರ್ಟಲ್ ಲೈಫ್ ಆಫ್ ಹೆನ್ರಿಯೆಟಾ ಲ್ಯಾಕ್ಸ್’ ಓದಲೇಬೇಕು. 1951ರಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಬಂದ ಹೆಣ್ಣುಮಗಳ ಜೀವಕೋಶಗಳನ್ನು ವೈದ್ಯರು ಅವಳನ್ನು ಕೇಳದೆಯೇ ತೆಗೆದರು. ಅವು ಲ್ಯಾಬಿನಲ್ಲಿ ಸಾಯದೆ ಬೆಳೆಯುತ್ತಲೇ ಹೋದವು, ಪೋಲಿಯೋ ಲಸಿಕೆಯ ಪರೀಕ್ಷೆಗೂ ಬಳಕೆಯಾದವು, ಆದರೆ ಮನೆಯವರಿಗೆ 20 ವರ್ಷಕ್ಕೂ ಜಾಸ್ತಿ ಕಾಲ ಈ ವಿಷಯವೇ ಗೊತ್ತಿರಲಿಲ್ಲ. ಎಂಥ ಅನ್ಯಾಯ ಅಲ್ವಾ? ವಿಜ್ಞಾನದ ಭಾಗ ಸಲೀಸಾಗಿ ಅರ್ಥವಾಗುತ್ತದೆ. ನನ್ನ ಕಣ್ಣು ತುಂಬಿಸಿದವಳು ಮಾತ್ರ ಮಗಳು ಡೆಬೊರಾ, ಅಮ್ಮ ಹೇಗಿದ್ದಳು ಅಂತ ತಿಳಿಯಲು ಅವಳು ಪಡುವ ಪಾಡು. ಲೇಖಕಿ ತಮ್ಮ ಓಡಾಟದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದಾರೆ ಅನ್ನಿಸಿತು.

ಜಾನ್ ಹರ್ಸಿಯ ‘ಹಿರೋಶಿಮಾ’ ಇದಕ್ಕೆ ತದ್ವಿರುದ್ಧ. 1946ರ ಪುಸ್ತಕ, ಬಾಂಬಿನಿಂದ ಬದುಕುಳಿದ ಆರು ಜನರ ಕಥೆ. ಲೇಖಕ ಎಲ್ಲೂ ದನಿ ಏರಿಸುವುದಿಲ್ಲ, ಅದಕ್ಕೇ ಇನ್ನೂ ಆಳವಾಗಿ ನಾಟುತ್ತದೆ. ಪುಟಗಳೂ ಕಮ್ಮಿ. ಮೊದಲು ಇದನ್ನೇ ಹಿಡಿಯಿರಿ.